ಯಾರೂ ಟೈಪ್ ಮಾಡದ ಹೆಸರುಗಳು

ಒಂದು ಪುಸ್ತಕ ಪ್ರಕಾಶನಕ್ಕೆ ತಂತ್ರಾಂಶ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಪ್ರೋಗ್ರಾಮರ್ ಮೊದಲು ಪುಸ್ತಕ ಎಂದರೇನು ಎಂಬುದನ್ನು ಕೋಡಿನಲ್ಲಿ ವಿವರಿಸುತ್ತಾರೆ. ಅದಕ್ಕೊಂದು ಶೀರ್ಷಿಕೆ ಇದೆ, ಬೆಲೆ ಇದೆ, ಲೇಖಕರಿದ್ದಾರೆ, ಅನುವಾದವಾಗಿದ್ದರೆ ಅನುವಾದಕರೂ ಇದ್ದಾರೆ. ಈ ವಿವರಣೆಯೇ ಮಾಡೆಲ್. ಆಮೇಲೆ ಒಂದು ಆಜ್ಞೆ ಕೊಟ್ಟರೆ ಸಾಕು, ಡೇಟಾಬೇಸಿನಲ್ಲಿ ಅದಕ್ಕೆ ತಕ್ಕ ಟೇಬಲ್ ತಯಾರಾಗುತ್ತದೆ. ತೆರೆದು ನೋಡಿದರೆ ಅಲ್ಲಿ ‘ಟ್ರಾನ್ಸ್‌ಲೇಟರ್_ಐಡಿ’ ಎಂಬ ಕಾಲಂ ಇರುತ್ತದೆ. ಈ ಹೆಸರನ್ನು ಯಾರೂ ಟೈಪ್ ಮಾಡಿಲ್ಲ. ಮಾಡೆಲಿನಲ್ಲಿ ಇದ್ದದ್ದು ‘ಟ್ರಾನ್ಸ್‌ಲೇಟರ್’ ಅಷ್ಟೆ. ಅದರ ಮುಂದೆ ಒಂದು ಅಂಡರ್‌ಸ್ಕೋರ್ ಎಳೆದು ‘ಐಡಿ’ ಸೇರಿಸಿದ್ದು ಒಂದು ನಿಯಮ.

ಮಾಡೆಲಿಗೂ ಡೇಟಾಬೇಸಿಗೂ ನಡುವೆ ದುಡಿಯುವ ಇಂಥ ಸಾಧನಗಳನ್ನು ಒಆರ್‌ಎಂ ಎನ್ನುತ್ತಾರೆ. ಜಾವಾದಲ್ಲಿ ಹೈಬರ್ನೇಟ್, ರೂಬಿಯಲ್ಲಿ ರೇಲ್ಸ್, ಪೈಥಾನಿನಲ್ಲಿ ಜ್ಯಾಂಗೊ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ, ಡಾಟ್‌ನೆಟ್‌ನಲ್ಲಿ ಎಂಟಿಟಿ ಫ್ರೇಮ್‌ವರ್ಕ್. ಇವುಗಳಲ್ಲಿ ಹೆಸರು ಹುಟ್ಟಿಸುವ ಭಾಗ ತೀರ ಚಿಕ್ಕದು, ಕೆಲವೊಮ್ಮೆ ಒಂದೇ ಪುಟದ ಕೋಡ್. ಆ ಪುಟದ ಹಿಂದೆ ಎಷ್ಟು ಯೋಚನೆ ಇದೆ ಎಂಬುದು ನಿಧಾನವಾಗಿ ಓದಿದಾಗ ತಿಳಿಯುತ್ತದೆ. ನನಗೆ ತಂತ್ರಾಂಶದ ಲೋಕದಲ್ಲಿ ಇಷ್ಟು ಮೆಚ್ಚುಗೆ ಹುಟ್ಟಿಸಿದ ಬೇರೆ ಚಿಕ್ಕ ಕೆಲಸಗಳು ಕಡಿಮೆ.

ಈ ಕಥೆಯ ಬೇರು 1970ರಲ್ಲಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ ಆ ವರ್ಷ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಪ್ರಬಂಧ ಪ್ರಕಟಿಸಿದರು. ಇಂದಿನ ಬಹುಪಾಲು ಡೇಟಾಬೇಸ್‌ಗಳಿಗೆ ಅದೇ ತಳಪಾಯ. ಟೇಬಲನ್ನು ಬಳಸುವವರು ಮೂರನೆಯ ಕಾಲಂ, ಐದನೆಯ ಕಾಲಂ ಎಂದು ಸ್ಥಾನವನ್ನು ನೆನಪಿಡಬೇಕಾಗಿ ಬರಬಾರದು, ಹೆಸರು ಹಿಡಿದೇ ಕೇಳುವಂತಿರಬೇಕು ಎಂಬುದು ಅಲ್ಲಿನ ಒಂದು ಬೇಡಿಕೆ. ಹಾಗಾದರೆ ಒಂದೇ ಬಗೆಯ ಮಾಹಿತಿ ಒಂದೇ ಟೇಬಲಿನಲ್ಲಿ ಎರಡು ಸಲ ಬಂದರೆ ಏನು ಮಾಡುವುದು? ಕಾಡ್ ಕೊಟ್ಟ ಉದಾಹರಣೆ ಯಂತ್ರದ ಬಿಡಿಭಾಗಗಳದ್ದು. ಒಂದು ಭಾಗದೊಳಗೆ ಇನ್ನೊಂದು ಭಾಗ ಕೂತಿರುತ್ತದೆ, ಎರಡೂ ‘ಪಾರ್ಟ್’ಗಳೇ. ಅವರು ಒಂದನ್ನು ‘ಸಬ್.ಪಾರ್ಟ್’ ಎಂದೂ ಇನ್ನೊಂದನ್ನು ‘ಸೂಪರ್.ಪಾರ್ಟ್’ ಎಂದೂ ಕರೆದರು. ಆ ಮಾಹಿತಿ ಅಲ್ಲಿ ವಹಿಸುವ ಪಾತ್ರವನ್ನು ಹೆಸರೇ ಹೇಳಬೇಕು ಎಂದು ಸ್ಪಷ್ಟವಾಗಿ ಬರೆದರು.

ನಮ್ಮ ಪ್ರಕಾಶನದ ಟೇಬಲಿನಲ್ಲೂ ಇದೇ ಪರಿಸ್ಥಿತಿ. ಲೇಖಕರೂ ಅನುವಾದಕರೂ ವ್ಯಕ್ತಿಗಳು. ಇಬ್ಬರ ವಿವರವೂ ‘ಪರ್ಸನ್’ ಎಂಬ ಒಂದೇ ಮಾಡೆಲಿನಲ್ಲಿದೆ. ನಿಯಮ ಬರೆದವರು ಗುರಿಯಾದ ಮಾಡೆಲಿನ ಹೆಸರನ್ನು ಹಿಡಿದಿದ್ದರೆ ಎರಡಕ್ಕೂ ‘ಪರ್ಸನ್_ಐಡಿ’ ಎಂದೇ ಬಂದು ಡಿಕ್ಕಿಯಾಗುತ್ತಿತ್ತು. ಅವರು ಹಿಡಿದದ್ದು ಪಾತ್ರವನ್ನು. ಜಾವಾದ ಜೆಪಿಎ ನಿಯಮಾವಳಿಯಲ್ಲಿ ಸಂಬಂಧ ಸೂಚಿಸುವ ಕಾಲಂಗೆ ಮೊದಲು ಮಾಡೆಲಿನಲ್ಲಿ ಆ ಸಂಬಂಧಕ್ಕಿಟ್ಟ ಹೆಸರು, ಆಮೇಲೆ ಅಂಡರ್‌ಸ್ಕೋರ್, ಆಮೇಲೆ ಆಚೆ ಟೇಬಲಿನ ಸಾಲುಗಳನ್ನು ಗುರುತಿಸುವ ಮುಖ್ಯ ಕೀಲಿಯ (ಪ್ರೈಮರಿ ಕೀ) ಹೆಸರು. ರೇಲ್ಸ್ ಮತ್ತು ಜ್ಯಾಂಗೊಗಳಲ್ಲಿ ಸಂಬಂಧದ ಹೆಸರಿಗೆ ‘_ಐಡಿ’ ಅಂಟುತ್ತದೆ. ಹೀಗಾಗಿ ‘ಆಥರ್_ಐಡಿ’, ‘ಟ್ರಾನ್ಸ್‌ಲೇಟರ್_ಐಡಿ’ ಎಂದು ಎರಡೂ ತಮ್ಮ ಪಾತ್ರ ಹೇಳಿಕೊಂಡೇ ಬರುತ್ತವೆ. ಕಾಡ್ 1970ರಲ್ಲಿ ಕೇಳಿದ್ದನ್ನು ಈಗ ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಮಾಡೆಲಿನಲ್ಲಿ ಸರಿಯಾದ ಹೆಸರಿಟ್ಟರೆ ಉಳಿದದ್ದು ತಾನೇ ನೆರವೇರುತ್ತದೆ.

ಇನ್ನು ಅಂಡರ್‌ಸ್ಕೋರಿನ ವಿಚಾರ. ಇಂಗ್ಲಿಷ್ ಅಕ್ಷರಗಳಲ್ಲಿ ಕೋಡ್ ಬರೆಯುವ ಜಾವಾದವರಿಗೆ ಎರಡು ಪದ ಕೂಡಿದಾಗ ಎರಡನೆಯದರ ಮೊದಲಕ್ಷರವನ್ನು ದೊಡ್ಡದು ಮಾಡುವ ರೂಢಿ. ಡೇಟಾಬೇಸಿನವರಿಗೆ ಅದು ಒಗ್ಗುವುದಿಲ್ಲ. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಹೆಸರನ್ನು ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನಕ ದೊಡ್ಡಕ್ಷರಕ್ಕೆ ತಿರುಗಿಸುತ್ತದೆ, ಒರಾಕಲ್ ಡೇಟಾಬೇಸ್ ಹಾಗೆಯೇ ನಡೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಅದಕ್ಕೆ ವಿರುದ್ಧವಾಗಿ ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸುತ್ತದೆ. ದೊಡ್ಡದು ಸಣ್ಣದು ಬೆರೆತ ಹೆಸರನ್ನು ಹಾಗೇ ಉಳಿಸಬೇಕಾದರೆ ಪ್ರತಿ ಸಲವೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು; ಒಮ್ಮೆ ಮರೆತರೂ ಅಂಥ ಕಾಲಂ ಇಲ್ಲ ಎಂಬ ಉತ್ತರ ಬರುತ್ತದೆ. ಎಲ್ಲವೂ ಸಣ್ಣಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್ ಎಂಬ ಪದ್ಧತಿ ಈ ಎರಡೂ ಮನೆಗಳಲ್ಲಿ ಬಾಳುತ್ತದೆ.

ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವುದು ಸುಲಭ ಎನಿಸಬಹುದು: ದೊಡ್ಡಕ್ಷರ ಕಂಡಲ್ಲಿ ಅಂಡರ್‌ಸ್ಕೋರ್ ಹಾಕು, ಅಕ್ಷರವನ್ನು ಸಣ್ಣದು ಮಾಡು. ಆದರೆ ‘ಎಚ್‌ಟಿಟಿಪಿ ಸರ್ವರ್’ ಎಂಬ ಹೆಸರಿನಲ್ಲಿ ಮೊದಲ ನಾಲ್ಕು ಅಕ್ಷರಗಳೂ ದೊಡ್ಡವು. ಈ ನಿಯಮವನ್ನು ಮೊಂಡಾಗಿ ಅನ್ವಯಿಸಿದರೆ ಎಚ್, ಟಿ, ಟಿ, ಪಿ ಒಂದೊಂದೂ ಬೇರೆಬೇರೆ ಪದವಾಗಿ ಚೂರಾಗುತ್ತದೆ. ರೇಲ್ಸ್ ಬರೆದವರು ಇದಕ್ಕಾಗಿ ಎರಡು ಗಡಿ ಹುಡುಕುತ್ತಾರೆ. ದೊಡ್ಡಕ್ಷರಗಳ ಸಾಲು ಮುಗಿದು ಹೊಸ ಪದ ಶುರುವಾಗುವ ಜಾಗ ಒಂದು. ಸಣ್ಣಕ್ಷರ ಅಥವಾ ಅಂಕಿಯ ಪಕ್ಕದಲ್ಲಿ ದೊಡ್ಡಕ್ಷರ ಬರುವ ಜಾಗ ಇನ್ನೊಂದು. ಹೈಬರ್ನೇಟಿನಲ್ಲಿ ಆರಿಸಿಕೊಳ್ಳಬಹುದಾದ ಇಂಥದೇ ನಿಯಮ ಬಿಗಿಯಾದದ್ದು. ದೊಡ್ಡಕ್ಷರದ ಹಿಂದೆಯೂ ಮುಂದೆಯೂ ಸಣ್ಣಕ್ಷರವಿದ್ದರೆ ಅದು ಅಲ್ಲಿ ಗೆರೆ ಎಳೆಯುತ್ತದೆ. ಇದರ ಪರಿಣಾಮ ನೋಡಿ. ‘ಕಸ್ಟಮರ್ ಐಡಿ’ಯನ್ನು ಕೂಡಿಸಿ ಬರೆಯುವಾಗ ಐ ಮಾತ್ರ ದೊಡ್ಡಕ್ಷರವಾಗಿದ್ದರೆ ಎರಡೂ ಕಡೆ ‘ಕಸ್ಟಮರ್_ಐಡಿ’ ಎಂದೇ ಬರುತ್ತದೆ. ಐ ಮತ್ತು ಡಿ ಎರಡೂ ದೊಡ್ಡವಾಗಿದ್ದರೆ ರೇಲ್ಸ್‌ನಲ್ಲಿ ಆಗಲೂ ನಡುವೆ ಗೆರೆ ಇರುತ್ತದೆ, ಹೈಬರ್ನೇಟಿನಲ್ಲಿ ಗೆರೆಯಿಲ್ಲದೆ ಒಂದೇ ಉಸಿರಿನ ಹೆಸರಾಗುತ್ತದೆ. ಒಂದೇ ಡೇಟಾಬೇಸನ್ನು ಎರಡು ಭಾಷೆಗಳ ತಂಡಗಳು ಹಂಚಿಕೊಂಡಾಗ ಇಂಥ ಒಂದು ಗೆರೆ ಅರ್ಧ ದಿನ ತಿನ್ನಬಲ್ಲದು.

ಅಂಕಿಗಳದ್ದೂ ಹೀಗೆಯೇ. ‘ಅಡ್ರೆಸ್_2’ ಎಂಬ ಕಾಲಂ ಹೆಸರನ್ನು ರೇಲ್ಸ್ ಕೂಡುಪದದ ರೂಪಕ್ಕೆ ತಂದರೆ ಗೆರೆ ಬಿಟ್ಟುಹೋಗುತ್ತದೆ. ಮತ್ತೆ ಹಿಂದಕ್ಕೆ ತಿರುಗಿಸಿದರೆ ‘ಅಡ್ರೆಸ್2’ ಎಂದಷ್ಟೇ ಸಿಗುತ್ತದೆ, ಕಳೆದ ಗೆರೆ ಬರುವುದಿಲ್ಲ. ಅಂಕಿಗೆ ದೊಡ್ಡದು ಸಣ್ಣದು ಎಂಬ ಭೇದವಿಲ್ಲವಲ್ಲ, ಗಡಿಯ ಗುರುತು ಹೊರಲು ಅಲ್ಲಿ ಏನೂ ಇಲ್ಲ. ಸಂಕ್ಷೇಪಾಕ್ಷರಗಳೂ ಹೋಗಿಬರುವಾಗ ಮೂಲರೂಪ ಕಳೆದುಕೊಳ್ಳುತ್ತವೆ. ರೇಲ್ಸ್‌ನವರು ಇದನ್ನು ಮುಚ್ಚಿಡದೆ ತಮ್ಮ ಕೈಪಿಡಿಯಲ್ಲೇ ಉದಾಹರಣೆ ಸಹಿತ ಬರೆದಿದ್ದಾರೆ.

ಸಣ್ಣಕ್ಷರಕ್ಕೆ ಇಳಿಸುವ ಹೆಜ್ಜೆಯಲ್ಲಿ ಇನ್ನೊಂದು ಹಳ್ಳ ಇದೆ, ಅದು ಟರ್ಕಿಯದು. ಟರ್ಕಿಶ್ ಭಾಷೆಯಲ್ಲಿ ಚುಕ್ಕೆಯಿರುವ ಐ, ಚುಕ್ಕೆಯಿಲ್ಲದ ಐ ಎರಡು ಬೇರೆ ಅಕ್ಷರಗಳು. ಕಂಪ್ಯೂಟರಿನ ಭಾಷೆ ಟರ್ಕಿಶ್ ಎಂದು ಹೊಂದಿಸಿದ್ದರೆ ಜಾವಾ ದೊಡ್ಡ ಐ ಅಕ್ಷರವನ್ನು ಚುಕ್ಕೆಯಿಲ್ಲದ ಸಣ್ಣ ಐಗೆ ತಿರುಗಿಸುತ್ತದೆ. ಇಸ್ತಾನ್‌ಬುಲ್‌ನ ಓದುಗರಿಗೆ ಅದು ಸರಿಯಾದ ಬರವಣಿಗೆ. ಕಾಲಂ ಹೆಸರಿಗೆ ಮಾತ್ರ ಅನಾಹುತ: ಅಲ್ಲಿ ‘ಐಡಿ’ ಎಂಬುದೇ ಬೇರೊಂದು ಹೆಸರಾಗುತ್ತದೆ. ಅದಕ್ಕೆಂದೇ ಹೆಸರು ತಿರುಗಿಸುವ ಕೋಡಿನಲ್ಲಿ ಯಾವ ದೇಶಭಾಷೆಗೂ ಸೇರದ ತಟಸ್ಥ ನಿಯಮ ಬಳಸು ಎಂದು ಒಂದು ಪದ ಹೆಚ್ಚಾಗಿ ಬರೆದಿರುತ್ತಾರೆ. ಹೈಬರ್ನೇಟಿನಲ್ಲೂ ಅದು ಇದೆ. ತಾವು ಕಾಣದ ಊರಿನ ಕಂಪ್ಯೂಟರಿನಲ್ಲಿ ಏನಾಗಬಹುದು ಎಂದು ಯೋಚಿಸಿದ ಕೈ ಅದು.

ದೊಡ್ಡಕ್ಷರ ಸಣ್ಣಕ್ಷರಗಳ ಈ ಗೊಡವೆ ಕನ್ನಡಕ್ಕಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂಗೆ ಕನ್ನಡದಲ್ಲೇ ಹೆಸರಿಡಬಹುದು, ಅದಕ್ಕೆ ಉದ್ಧರಣ ಚಿಹ್ನೆಯೂ ಬೇಕಿಲ್ಲ. ಆದರೆ ಬೇರೆ ಎಚ್ಚರ ಬೇಕು. ಪೋಸ್ಟ್‌ಗ್ರೆಸ್ ಒಂದು ಹೆಸರಿಗೆ ಸಾಮಾನ್ಯವಾಗಿ ಕೊಡುವ ಜಾಗ 63 ಬೈಟ್. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಮೂಲಾಕ್ಷರಕ್ಕೂ ಪ್ರತಿ ಗುಣಿತದ ಗುರುತಿಗೂ 3 ಬೈಟ್. ‘ಅನುವಾದಕ’ ಎಂಬುದು ಕಣ್ಣಿಗೆ ಐದಕ್ಷರ, ಒಳಗೆ 7 ಸಂಕೇತ, 21 ಬೈಟ್. ಇದ್ದ ಜಾಗದ ಮೂರನೇ ಒಂದು ಭಾಗ ಅಲ್ಲಿಗೆ ಮುಗಿಯಿತು. ಇನ್ನೂ ಸೂಕ್ಷ್ಮವಾದದ್ದು ಬೇರೆ ಇದೆ. ಓತ್ವದ ಗುರುತನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪೋಸ್ಟ್‌ಗ್ರೆಸ್ ಕಣ್ಣಿಗೆ ಅವು ಎರಡು ಬೇರೆ ಹೆಸರುಗಳು. ಒತ್ತಕ್ಷರ ಕೂಡದಂತೆ ತಡೆಯಲು ನಾವು ಬಳಸುವ, ಕಾಣದ ಶೂನ್ಯ ಅಗಲದ ಸಂಕೇತವೂ ಹೆಸರಿನ ಭಾಗವೇ ಆಗಿಬಿಡುತ್ತದೆ. ಕನ್ನಡದಲ್ಲಿ ಕಾಲಂ ಹೆಸರಿಡುವ ತಂಡ ಎಲ್ಲ ಹೆಸರುಗಳನ್ನೂ ಮೊದಲು ಒಂದೇ ಯೂನಿಕೋಡ್ ರೂಪಕ್ಕೆ ತಂದು, ಈ ಕಾಣದ ಸಂಕೇತಗಳ ಬಗ್ಗೆಯೂ ಒಂದು ತೀರ್ಮಾನ ಮಾಡಿಕೊಂಡು ಮುಂದುವರಿಯಬೇಕು.

ಉದ್ದದ ಮಿತಿ ಎಲ್ಲರನ್ನೂ ಕಾಡಿದೆ. 12.2ನೇ ಆವೃತ್ತಿ ಬರುವವರೆಗೆ ಒರಾಕಲ್‌ನಲ್ಲಿ 30 ಬೈಟ್ ದಾಟುವಂತಿರಲಿಲ್ಲ. ಆಮೇಲೆ ಅದು 128ಕ್ಕೆ ಏರಿತು. ಮೈಎಸ್‌ಕ್ಯೂಎಲ್‌ನಲ್ಲಿ 64 ಅಕ್ಷರ. ಮನುಷ್ಯರು ಇಡುವ ಹೆಸರು ಈ ಮಿತಿ ತಲುಪುವುದು ಅಪರೂಪ. ನಿಯಮ ಕಟ್ಟುವ ಹೆಸರು ಬೇಗ ತಲುಪುತ್ತದೆ, ಏಕೆಂದರೆ ಅದು ಟೇಬಲಿನ ಹೆಸರು, ಕಾಲಂ ಹೆಸರು, ಕೊನೆಗೊಂದು ಗುರುತು ಎಂದು ಜೋಡಿಸುತ್ತ ಹೋಗುತ್ತದೆ. ಎಲ್ಲಿ ಕತ್ತರಿಸಬೇಕು? ಬಾಲವನ್ನು ಕತ್ತರಿಸಿದರೆ ಅದು ಸೂಚಿಕೆಯೋ (ಇಂಡೆಕ್ಸ್) ಕೀಲಿಯೋ ತಿಳಿಯದು, ಎರಡು ಉದ್ದ ಹೆಸರುಗಳು ಕತ್ತರಿಸಿದ ಮೇಲೆ ಒಂದೇ ಆಗಲೂಬಹುದು. ಪೋಸ್ಟ್‌ಗ್ರೆಸ್ ತಾನೇ ಹೆಸರು ಕಟ್ಟುವಾಗ ಬಾಲ ಮುಟ್ಟುವುದಿಲ್ಲ. ಟೇಬಲ್ ಮತ್ತು ಕಾಲಂ ಹೆಸರುಗಳಲ್ಲಿ ಯಾವುದು ಉದ್ದವೋ ಅದನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬರುತ್ತದೆ. ಜ್ಯಾಂಗೊ ಉದ್ದ ಹೆಸರನ್ನು ಮೊಟಕು ಮಾಡಿ, ಪೂರ್ತಿ ಹೆಸರಿನಿಂದ ಲೆಕ್ಕ ಹಾಕಿದ ನಾಲ್ಕಾರು ಅಕ್ಷರಗಳ ಮುದ್ರೆಯನ್ನು ಸೇರಿಸುತ್ತದೆ. ಓದಲು ಕಷ್ಟ, ಆದರೆ ಎರಡು ಹೆಸರು ಒಂದಾಗುವ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಕಾಲಂಗಳಿಗಿಂತ ಹೆಚ್ಚು ಕಡೆಗಣನೆಗೆ ಗುರಿಯಾದವು ನಿರ್ಬಂಧಗಳ (ಕನ್‌ಸ್ಟ್ರೇಂಟ್) ಹೆಸರುಗಳು. ಅನುವಾದಕರ ಕಾಲಂನಲ್ಲಿ ಇಲ್ಲದ ವ್ಯಕ್ತಿಯ ಸಂಖ್ಯೆ ಬರೆಯಲು ಹೋದರೆ ಡೇಟಾಬೇಸ್ ತಡೆಯುತ್ತದೆ, ತಡೆದ ನಿರ್ಬಂಧದ ಹೆಸರನ್ನು ದೋಷಸಂದೇಶದಲ್ಲಿ ಹೇಳುತ್ತದೆ. ಪೋಸ್ಟ್‌ಗ್ರೆಸ್ ಆದರೆ ‘ಬುಕ್ಸ್_ಟ್ರಾನ್ಸ್‌ಲೇಟರ್_ಐಡಿ_ಎಫ್‌ಕೀ’ ಎನ್ನುತ್ತದೆ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ಓದುವವರಿಗೂ ಎಲ್ಲಿ ಏನಾಯಿತು ಎಂದು ಗೊತ್ತಾಗುತ್ತದೆ. ಒರಾಕಲ್ ತಾನಾಗಿ ಇಡುವ ಹೆಸರು ‘ಸಿಸ್_ಸಿ’ ಎಂದು ಶುರುವಾಗಿ ಒಂದು ಉದ್ದ ಸಂಖ್ಯೆಯಲ್ಲಿ ಮುಗಿಯುತ್ತದೆ. ಅದು ಯಾವ ಟೇಬಲಿನದು ಎಂದು ಬೇರೆ ಕಡೆ ಹುಡುಕಬೇಕು, ಇನ್ನೊಂದು ಸರ್ವರಿನಲ್ಲಿ ಅದೇ ನಿರ್ಬಂಧಕ್ಕೆ ಬೇರೆ ಸಂಖ್ಯೆ ಇರುತ್ತದೆ. ಮುಂದೊಂದು ದಿನ ಆ ನಿರ್ಬಂಧವನ್ನು ತೆಗೆಯಲು ಆಜ್ಞೆ ಬರೆಯುವವರು ಯಾವ ಹೆಸರು ಬರೆಯಬೇಕು? ಎಸ್‌ಕ್ಯೂಎಲ್‌ಆಲ್ಕೆಮಿ ಈ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಸೂಚಿಕೆ, ಅನನ್ಯತೆ, ತಪಾಸಣೆ, ಪರಕೀಲಿ (ಫಾರಿನ್ ಕೀ), ಮುಖ್ಯ ಕೀಲಿ ಈ ಐದಕ್ಕೂ ಒಂದೊಂದು ಅಚ್ಚನ್ನು ಬರೆದಿಡಬಹುದು: ಪರಕೀಲಿಯಾದರೆ ಮೊದಲು ‘ಎಫ್‌ಕೆ’, ಆಮೇಲೆ ಟೇಬಲ್, ಆಮೇಲೆ ಕಾಲಂ, ಆಮೇಲೆ ಆಚೆ ಟೇಬಲ್. ಅಲ್ಲಿಂದ ಮುಂದೆ ಯಾವ ಡೇಟಾಬೇಸಿನಲ್ಲಿ ನಡೆಸಿದರೂ ಅದೇ ಹೆಸರು.

ರೇಲ್ಸ್ ಬಗ್ಗೆ ಇನ್ನೊಂದು ಮಾತು ಹೇಳದಿರಲಾರೆ. 2004ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಅದನ್ನು ಹೊರತಂದಾಗ ಟೇಬಲಿಗೆ ಬಹುವಚನ ಎಂಬ ನಿಯಮ ಇಟ್ಟರು. ‘ಬುಕ್’ ಮಾಡೆಲಿಗೆ ‘ಬುಕ್ಸ್’ ಟೇಬಲ್, ‘ಪರ್ಸನ್’ಗೆ ‘ಪೀಪಲ್’. ಇಂಗ್ಲಿಷಿನ ವಕ್ರ ಬಹುವಚನಗಳಿಗಾಗಿ ಒಂದು ಪುಟ್ಟ ವ್ಯಾಕರಣವನ್ನೇ ಕೋಡಿನಲ್ಲಿ ಬರೆದಿದ್ದಾರೆ. ಇದರಿಂದ ಒಂದು ಉಪಕಾರವೂ ಆಗುತ್ತದೆ. ‘ಆರ್ಡರ್’, ‘ಯೂಸರ್’ ಎಂಬ ಪದಗಳು ಡೇಟಾಬೇಸ್ ತನಗೆಂದು ಕಾದಿರಿಸಿಕೊಂಡವು. ಪೋಸ್ಟ್‌ಗ್ರೆಸ್‌ನಲ್ಲಿ ‘ಯೂಸರ್’ ಟೇಬಲಿನಿಂದ ಎಲ್ಲವನ್ನೂ ಕೊಡು ಎಂದು ಉದ್ಧರಣ ಚಿಹ್ನೆಯಿಲ್ಲದೆ ಕೇಳಿದರೆ ದೋಷ ಬರುವುದಿಲ್ಲ. ಆಗ ಲಾಗಿನ್ ಆಗಿರುವವರ ಹೆಸರನ್ನು ಒಂದೇ ಸಾಲಿನಲ್ಲಿ ಕೊಟ್ಟು ಸುಮ್ಮನಾಗುತ್ತದೆ! ಬಹುವಚನದ ‘ಯೂಸರ್ಸ್’, ‘ಆರ್ಡರ್ಸ್’ ಈ ಬಲೆಯಿಂದ ತಪ್ಪಿಸಿಕೊಳ್ಳುತ್ತವೆ. ಆದರೂ ನೆಮ್ಮದಿ ಪೂರ್ತಿಯಲ್ಲ: ಮೈಎಸ್‌ಕ್ಯೂಎಲ್ ತನ್ನ 8ನೇ ಆವೃತ್ತಿಯಲ್ಲಿ ‘ಗ್ರೂಪ್ಸ್’ ಎಂಬ ಬಹುವಚನವನ್ನೂ ಕಾದಿರಿಸಿಕೊಂಡಿತು.

ಆ ವ್ಯಾಕರಣದ ಕೋಡಿನಲ್ಲಿ ತಪ್ಪುಗಳಿವೆ. ಅದನ್ನು ತಿದ್ದಲು ಬಂದವರಿಗೆ ರೇಲ್ಸ್ ತಂಡ ಸ್ಪಷ್ಟವಾಗಿ ಹೇಳಿದೆ, ಈ ಪಟ್ಟಿಗೆ ತಿದ್ದುಪಡಿ ಸ್ವೀಕರಿಸುವುದಿಲ್ಲ ಎಂದು. ಆ ತಪ್ಪು ಬಹುವಚನವನ್ನೇ ನಂಬಿ ಎಲ್ಲೋ ಒಂದು ಟೇಬಲ್ ಇದೆ, ಅದರಲ್ಲಿ ಯಾರದೋ ವ್ಯವಹಾರ ನಡೆಯುತ್ತಿದೆ. ಇಲ್ಲಿ ತಿದ್ದಿದರೆ ಅಲ್ಲಿ ಒಡೆಯುತ್ತದೆ. ಬೇರೆ ಪದ ಬೇಕಾದವರು ತಮ್ಮ ಯೋಜನೆಯೊಳಗೆ ತಾವೇ ಸೇರಿಸಿಕೊಳ್ಳಬಹುದು. ನಿಯಮ ಚೆಲುವಾಗಿರುವುದಕ್ಕಿಂತ ಬದಲಾಗದೆ ಇರುವುದು ಮುಖ್ಯ ಎಂಬ ಈ ನಿಲುವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಹೆಸರಿನ ಆಯುಸ್ಸು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಜರ್ಮನಿಯ ಸ್ಯಾಪ್ ತಂತ್ರಾಂಶ ನೋಡಬೇಕು. ಅಲ್ಲಿ ಸರಕಿನ ಸಂಖ್ಯೆಯ ಕಾಲಂ ‘ಮಾಟ್‌ಎನ್‌ಆರ್’, ಜರ್ಮನಿನ ‘ಮಟೀರಿಯಾಲ್‌ನುಮ್ಮರ್’ನಿಂದ ಐದಕ್ಷರಕ್ಕೆ ಇಳಿಸಿದ್ದು. ಪೂರೈಕೆದಾರರ ಸಂಖ್ಯೆ ‘ಲಿಫ್‌ಎನ್‌ಆರ್’, ಕಂಪನಿ ಸಂಕೇತ ‘ಬುಕ್‌ಆರ್‌ಎಸ್’, ಎಲ್ಲವೂ ಜರ್ಮನ್ ಪದಗಳ ಮೊಟಕು. 1998ರಿಂದ ಬೆಂಗಳೂರಿನಲ್ಲಿ ಸ್ಯಾಪ್ ಲ್ಯಾಬ್ಸ್ ಇದೆ. ಜರ್ಮನ್ ಬಾರದ ನಮ್ಮ ಎಂಜಿನಿಯರುಗಳೂ ಈ ಹೆಸರುಗಳನ್ನು ದಿನವೂ ಬರೆಯುತ್ತಾರೆ. 2015ರಲ್ಲಿ ಬಂದ ಹೊಸ ಪೀಳಿಗೆಯ ಎಸ್/4ಹಾನಾದಲ್ಲಿ ಆ ಸಂಖ್ಯೆಯ ಗರಿಷ್ಠ ಉದ್ದ 18ರಿಂದ 40 ಅಕ್ಷರಕ್ಕೆ ಬೆಳೆಯಿತು. ಕಾಲಂ ಹೆಸರು ಮಾತ್ರ ಕದಲಲಿಲ್ಲ. ಮೇಲೊಂದು ಪದರ ಕಟ್ಟಿ, ಅಲ್ಲಿ ‘ಮಟೀರಿಯಲ್’, ‘ಸಪ್ಲೈಯರ್’ ಎಂಬ ತಿಳಿಯಾದ ಇಂಗ್ಲಿಷ್ ಹೆಸರು ತೋರಿಸಿದರು.

ನಿಯಮ ಮಾಡಲಾಗದ ಕೆಲಸವೂ ಒಂದಿದೆ. ಪ್ರಕಾಶನದ ‘ಪರ್ಸನ್’ ಮಾಡೆಲಿನಲ್ಲಿ ರೂಢಿಯಂತೆ ‘ಫಸ್ಟ್‌ನೇಮ್’, ‘ಲಾಸ್ಟ್‌ನೇಮ್’ ಎಂದು ಬರೆದರೆ ನಡುವೆ ಗೆರೆ ಎಳೆದ ಎರಡು ಕಾಲಂ ನಿಷ್ಠೆಯಿಂದ ಬರುತ್ತವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅದರಲ್ಲಿ ಹೇಗೋ ಕೂರುತ್ತಾರೆ: ಮೊದಲು ಸ್ವಂತ ಹೆಸರು, ಕೊನೆಗೆ ಮನೆತನದ್ದು, ನಡುವಿನ ತಂದೆಯ ಹೆಸರಿಗಷ್ಟೇ ಜಾಗವಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕೂರುವುದಿಲ್ಲ. ಮೊದಲಿನದು ಊರು, ನಡುವಿನದು ತಂದೆ, ಸ್ವಂತ ಹೆಸರು ಕೊನೆಯಲ್ಲಿ. ‘ಫಸ್ಟ್’ ಎಂದಲ್ಲಿ ಊರನ್ನು ತುಂಬಬೇಕೋ ಕವಿಯನ್ನೋ? ಮಾಡೆಲಿನಲ್ಲಿ ಪೂರ್ಣ ಹೆಸರು, ಮುದ್ರಿಸುವ ಹೆಸರು, ಅಕಾರಾದಿಯಲ್ಲಿ ಹುಡುಕುವ ಹೆಸರು ಎಂದು ಮೂರು ಇಟ್ಟರೆ ‘ಕುವೆಂಪು’ ಎಂಬ ಕಾವ್ಯನಾಮಕ್ಕೂ ಜಾಗ ಸಿಗುತ್ತದೆ. ಈ ತೀರ್ಮಾನ ಮನುಷ್ಯರದು. ನಿಯಮದ ಕೆಲಸ ಶುರುವಾಗುವುದು ಅದಾದ ಮೇಲೆ.

ಹೆಸರು ಯಾವುದೆಂದು ನಿರ್ಧರಿಸುವುದಕ್ಕೂ ಅದಕ್ಕೆ ರೂಪ ಕೊಡುವುದಕ್ಕೂ ನಡುವಿನ ಗಡಿಯನ್ನು ಹೈಬರ್ನೇಟ್ ತನ್ನ 5ನೇ ಆವೃತ್ತಿಯಲ್ಲಿ ಕೋಡಿನಲ್ಲೂ ಗುರುತಿಸಿತು. ಮೊದಲು ಒಂದೇ ಆಗಿದ್ದ ಹೆಸರಿನ ನಿಯಮವನ್ನು ಎರಡಾಗಿ ಸೀಳಿದರು. ಪ್ರೋಗ್ರಾಮರ್ ಹೆಸರು ಹೇಳದಿದ್ದರೆ ಏನೆಂದು ಊಹಿಸಬೇಕು ಎಂಬುದು ಒಂದು. ಊಹಿಸಿದ್ದೋ ಹೇಳಿದ್ದೋ, ಆ ಹೆಸರನ್ನು ಈ ಡೇಟಾಬೇಸಿನಲ್ಲಿ ಯಾವ ರೂಪದಲ್ಲಿ ಬರೆಯಬೇಕು ಎಂಬುದು ಇನ್ನೊಂದು. ಈ ಎರಡನೆಯ ಹಂತ ಕೈಯಿಂದ ಬರೆದ ಹೆಸರನ್ನೂ ಬಿಡುವುದಿಲ್ಲ. ಅದಕ್ಕೇ ಹೈಬರ್ನೇಟನ್ನು ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಮೂಲಕ ಬಳಸುವ ಹೊಸಬರು, ನಾನು ಕೂಡಿಸಿ ಬರೆದ ಹೆಸರಿನಲ್ಲಿ ಗೆರೆ ಎಲ್ಲಿಂದ ಬಂತು ಎಂದು ಗಾಬರಿಯಾಗುತ್ತಾರೆ. ಹೈಬರ್ನೇಟ್ ಹೀಗೆ ಬದಲಾದಾಗ ಸ್ಪ್ರಿಂಗ್ ಬೂಟ್ ತಂಡ ತನ್ನದೇ ಒಂದು ನಿಯಮ ಬರೆದು 1.4ನೇ ಆವೃತ್ತಿಯಲ್ಲಿ ಸೇರಿಸಿತು. ಹಳೆಯ ಆವೃತ್ತಿ ಕೊಡುತ್ತಿದ್ದ ಹೆಸರುಗಳಿಗೆ ಆದಷ್ಟು ಹತ್ತಿರದ ಹೆಸರುಗಳೇ ಹೊಸದರಲ್ಲೂ ಬರಲಿ ಎಂಬುದು ಅದರ ಉದ್ದೇಶ.

ಹೊಸ ಯೋಜನೆ ಶುರುಮಾಡುವವರು ನಿಯಮವನ್ನು ಮೊದಲ ಟೇಬಲಿಗಿಂತ ಮುಂಚೆ ಆರಿಸಿಕೊಂಡರೆ ಖರ್ಚಿಲ್ಲ. ತಡವಾಗಿ ಬಂದವರು, ಹಳೆಯ ಡೇಟಾಬೇಸನ್ನು ಪಡೆದುಕೊಂಡವರು ಅಲ್ಲಿರುವ ಹೆಸರನ್ನು ಹಾಗೇ ಬಿಟ್ಟು, ಜ್ಯಾಂಗೊದಲ್ಲಿ ‘ಡಿಬಿ_ಕಾಲಂ’, ಜಾವಾದಲ್ಲಿ ‘ಕಾಲಂ’ ಟಿಪ್ಪಣಿ ಬಳಸಿ ಮಾಡೆಲಿನ ಹೆಸರಿಗೆ ಕೈಯಿಂದ ಜೋಡಿಸಬಹುದು. ಜಾವಾದಲ್ಲಿ ಹಾಗೆ ಬರೆದ ಹೆಸರು ಆ ಎರಡನೆಯ ಹಂತವನ್ನೂ ದಾಟಬೇಕು ಎಂಬುದು ನೆನಪಿರಲಿ. ದೊಡ್ಡಕ್ಷರ ಬೆರೆತ ಹಳೆಯ ಹೆಸರುಗಳಿದ್ದರೆ ಆ ಹಂತವನ್ನು ಹೆಸರು ಮುಟ್ಟದಂಥ ನಿಯಮಕ್ಕೆ ಬದಲಾಯಿಸಿ ಮುಂದುವರಿಯಬೇಕು.